ಸ್ವೀಟ್ ಪೀ ಬಳ್ಳಿಯ ಕಾಯಿ: ಉದ್ಯಾನ ಚರಿತ್ರೆಯ ಒಂದು ಉಪೇಕ್ಷಿತ ಪ್ರಶ್ನೆ

ಉದ್ಯಾನಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹೂವಿನ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ಹೂವು ಯಾವ ದೇಶದಿಂದ ಬಂದಿತು, ಯಾವ ಪ್ರಭುವಿನ ತೋಟದಲ್ಲಿ ಮೊದಲು ಅರಳಿತು, ಯಾವ ಪ್ರದರ್ಶನದಲ್ಲಿ ಪದಕವನ್ನು ಪಡೆಯಿತು ಎಂಬುದಕ್ಕೆ ಆಧಾರಗಳು ಬೇಕಾದಷ್ಟಿವೆ. ಆದರೆ ಹೂವು ಬಾಡಿದ ಮೇಲೆ ಅದರ ತೊಟ್ಟಿನಲ್ಲಿ ಮೂಡಿದ ಕಾಯಿಯನ್ನು ಏನು ಮಾಡಿದರು, ಚಿವುಟಿ ಎಸೆದರೋ ಬಲಿಯಲು ಬಿಟ್ಟರೋ, ಬಲಿತ ಬೀಜ ಯಾರ ಕೈ ಸೇರಿತು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಹೊಲದ ಬೆಳೆಗಳ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಕಾಯಿಯೇ ಫಲ. ನಮ್ಮ ರೈತನು ಅವರೆ, ಅಲಸಂದೆಗಳ ಸಾಲಿನಲ್ಲಿ ಒಳ್ಳೆಯ ನಾಲ್ಕು ಗಿಡಗಳನ್ನು ಕೀಳದೆ ಉಳಿಸಿ, "ಬೀಜಕ್ಕೆ ಬಿಟ್ಟಿದೆ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾನೆ. ಹೂದೋಟದಲ್ಲಾದರೋ ಕಾಯಿ ಹೂವಿಗೆ ಪ್ರತಿಸ್ಪರ್ಧಿ. ಒಂದನ್ನು ಬಯಸಿದವನು ಇನ್ನೊಂದನ್ನು ಬಿಡಬೇಕು. ಈ ವಿರೋಧವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಸ್ವೀಟ್ ಪೀ ಎಂಬ ಬಳ್ಳಿಯಲ್ಲಿ. ಅದರ ಮುನ್ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯನ್ನು ಕಾಯಿಯ ಕಡೆಯಿಂದ ನೋಡಿದರೆ ಏನು ತೋರುತ್ತದೆ ಎಂಬುದನ್ನು ನಾವು ಈ ಲೇಖನದಲ್ಲಿ ವಿಚಾರಮಾಡಬಯಸುತ್ತೇವೆ.

ಮೊದಲು ಗಿಡದ ಪರಿಚಯ. ಲ್ಯಾಥಿರಸ್ ಓಡೊರೇಟಸ್ ಎಂಬುದು ಇದರ ಶಾಸ್ತ್ರೀಯ ನಾಮ. ಬಟಾಣಿಯ ಬಂಧುವೇ ಹೊರತು ಬಟಾಣಿಯಲ್ಲ. ನುಲಿಬಳ್ಳಿಗಳಿಂದ ಆಸರೆಯನ್ನು ಹಿಡಿದು ಆಳೆತ್ತರ ಏರುವ ಒಂದು ವರ್ಷದ ಬಳ್ಳಿ. ಸುವಾಸನೆಯುಳ್ಳ, ಚಿಟ್ಟೆಯಾಕಾರದ ಹೂಗಳು. ಚಳಿಯನ್ನು ಬಯಸುವ ಗಿಡವಾದುದರಿಂದ ಬೆಂಗಳೂರಿನಂತಹ ಎತ್ತರದ ಊರುಗಳಲ್ಲಿ ಮಳೆಗಾಲ ಕಳೆಯುತ್ತಲೇ ಬೀಜ ಬಿತ್ತಿ ಚಳಿಗಾಲದ ಹೂವಾಗಿ ಇದನ್ನು ಬೆಳೆಸುವವರುಂಟು. ಹೂವು ಉದುರಿದ ಮೇಲೆ ಎರಡು ಮೂರು ಅಂಗುಲ ಉದ್ದದ, ನವಿರಾದ ರೋಮಗಳುಳ್ಳ ಚಪ್ಪಟೆಯ ಕಾಯಿ ಕಟ್ಟುತ್ತದೆ. ಅದು ಕಂದುಬಣ್ಣಕ್ಕೆ ತಿರುಗಿ ಒಣಗಿದಾಗ ಎರಡು ಸಿಪ್ಪೆಗಳೂ ತಿರುಚಿಕೊಂಡು ಥಟ್ಟನೆ ಸಿಡಿದು ಬೀಜಗಳನ್ನು ದೂರಕ್ಕೆ ಎರಚುತ್ತವೆ. ಎಳೆಯ ಕಾಯಿ ಬಟಾಣಿಯಂತೆಯೇ ಕಾಣುವುದರಿಂದ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇದು ತಿನ್ನುವ ವಸ್ತುವಲ್ಲ. ಈ ಬೀಜವನ್ನು ತಿನ್ನಿಸಿದ ಇಲಿಗಳ ಮೂಳೆಗಳು ವಿಕಾರಗೊಂಡುದು ೧೯೩೩ರಲ್ಲಿಯೇ ವರದಿಯಾಗಿದೆ. ಉತ್ತರ ಹಿಂದೂಸ್ಥಾನದಲ್ಲಿ ಬಡವರ ಕಾಲುಗಳ ಶಕ್ತಿಯನ್ನೇ ಅಪಹರಿಸಿದ ಕೇಸರಿ ಬೇಳೆ ಇದೇ ಕುಲದ ಇನ್ನೊಂದು ಗಿಡ, ಅದರ ವಿಷ ಮಾತ್ರ ಬೇರೆಯದು.

ಈ ಬಳ್ಳಿಯಲ್ಲಿ ಕಾಯಿಗಳನ್ನು ಬಲಿಯಲು ಬಿಟ್ಟರೆ ಕೆಲವೇ ವಾರಗಳಲ್ಲಿ ಹೂ ಬಿಡುವುದು ನಿಂತುಹೋಗುತ್ತದೆ. ಬಾಡಿದ ಹೂವನ್ನು ದಿನವೂ ಕತ್ತರಿಸುತ್ತಿದ್ದರೆ ಬಳ್ಳಿಯು ಬಹುಕಾಲ ಹೂ ಕೊಡುತ್ತಲೇ ಇರುತ್ತದೆ. ತೋಟಗಾರರಿಗೆ ಅನುಭವದಿಂದ ತಿಳಿದಿದ್ದ ಈ ಸಂಗತಿಗೆ ಶಾಸ್ತ್ರಜ್ಞರು ಕಾರಣವನ್ನು ಹುಡುಕಿದುದು ತೀರ ಈಚೆಗೆ. ಬೀಜವು ಗಿಡದ ಆಹಾರವನ್ನೆಲ್ಲ ಸೆಳೆದುಕೊಳ್ಳುವುದರಿಂದ ಗಿಡ ಸೊರಗಿ ಸಾಯುತ್ತದೆ ಎಂಬುದು ಮೋಲಿಷ್ ಎಂಬ ಜರ್ಮನ್ ಭಾಷೆಯ ವಿದ್ವಾಂಸನ ಮತ. ಲಾಕ್‌ಹಾರ್ಟ್ ಮತ್ತು ಗಾಟ್ಸ್ಚಾಲ್ ಎಂಬವರು ಬಟಾಣಿ ಗಿಡವನ್ನು ಕುರಿತು ೧೯೬೧ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೆಳೆಯುತ್ತಿರುವ ಕಾಯಿಗೂ ಬಳ್ಳಿಯ ಕುಡಿಯ ಮುಪ್ಪಿಗೂ ಇರುವ ಸಂಬಂಧವನ್ನು ಎತ್ತಿ ತೋರಿಸಿದುವು. ಆಹಾರದ ಕೊರತೆಯೊಂದೇ ಅದಕ್ಕೆ ಕಾರಣವೆಂದು ಈಗ ಯಾರೂ ಹೇಳುವುದಿಲ್ಲ. ಕಾರಣ ಏನೇ ಆಗಲಿ, ಚರಿತ್ರಕಾರನಿಗೆ ಮುಖ್ಯವಾದುದು ಇಷ್ಟು: ಹೂವಿಗಾಗಿ ಬೆಳೆಸುವವನ ತೋಟದಲ್ಲಿ ಬೀಜ ಉಳಿಯುವುದಿಲ್ಲ, ಬೀಜಕ್ಕಾಗಿ ಬೆಳೆಸುವವನ ತೋಟದಲ್ಲಿ ಹೂವು ನಿಲ್ಲುವುದಿಲ್ಲ.

ಈ ಗಿಡದ ಚರಿತ್ರೆ ಸಿಸಿಲಿ ದ್ವೀಪದಲ್ಲಿ ಮೊದಲಾಗುತ್ತದೆ. ಪಲೆರ್ಮೊ ನಗರದ ಬಳಿಯ ಮಿಸಿಲ್ಮೇರಿಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ಫ್ರಾಂಚೆಸ್ಕೊ ಕುಪಾನಿ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯು ಹದಿನೇಳನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇದನ್ನು ವರ್ಣಿಸಿದನು. ೧೬೯೯ರಲ್ಲಿ ಆತನು ಲಂಡನ್ನಿನ ಸಮೀಪದ ಎನ್‌ಫೀಲ್ಡಿನಲ್ಲಿ ಶಾಲೆ ನಡೆಸುತ್ತಿದ್ದ ಡಾಕ್ಟರ್ ರಾಬರ್ಟ್ ಯುವೆಡೇಲನಿಗೆ ಬೀಜಗಳನ್ನು ಕಳುಹಿಸಿದನೆಂಬುದು ಪರಂಪರೆಯಿಂದ ಬಂದ ನಿರೂಪಣೆ. ೧೭೦೧ರಲ್ಲಿ ಆಂಸ್ಟರ್‌ಡಾಮಿನ ಕಾಸ್ಪರ್ ಕಾಮೆಲಿನನು ತನ್ನ ಗ್ರಂಥದಲ್ಲಿ ಈ ಗಿಡದ ಚಿತ್ರವನ್ನು ಅಚ್ಚುಹಾಕಿಸಿದುದನ್ನು ನೋಡಿದರೆ ಹಾಲೆಂಡಿಗೂ ಬೀಜ ಅದೇ ಸುಮಾರಿನಲ್ಲಿ ಹೋಗಿರಬೇಕು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಕಾಲದಲ್ಲಿ ಗಿಡವನ್ನೇ ಬೇರುಸಹಿತ ಕಡಲಾಚೆ ಕಳುಹಿಸುವುದು ಅಪಾಯದ ಕೆಲಸವಾಗಿತ್ತು; ಉಪ್ಪುನೀರು ತಗುಲಿ ಮಾರ್ಗದಲ್ಲಿಯೇ ಸಾಯುತ್ತಿದ್ದುವು. ಗಟ್ಟಿ ಸಿಪ್ಪೆಯ ಬೀಜವಾದರೋ ಕಾಗದದ ಮಡಿಕೆಯಲ್ಲಿ ಪತ್ರದೊಡನೆಯೇ ಹೋಗಬಲ್ಲುದು. ಕುಪಾನಿಯು ಹೂವಿನ ಸೊಬಗಿಗೆ ಮೆಚ್ಚಿದ್ದರೂ ಆತನು ಚರಿತ್ರೆಯಲ್ಲಿ ಉಳಿದುದು ಕಾಯಿಯನ್ನು ಬಲಿಯಲು ಬಿಟ್ಟದ್ದರಿಂದ.

ಲಿನ್ನೇಯಸನು ೧೭೫೩ರಲ್ಲಿ ಇದಕ್ಕೆ ಈಗಿನ ನಾಮಕರಣ ಮಾಡಿದಾಗ ಸಿಸಿಲಿಯ ಬಗೆ, ಸಿಂಹಳದ ಬಗೆ ಎಂದು ಎರಡನ್ನು ಬೇರ್ಪಡಿಸಿದನು. ಕೆಂಪು ಬಿಳುಪು ಕೂಡಿದ 'ಪೇಂಟೆಡ್ ಲೇಡಿ' ಎಂಬ ತಳಿ ಸಿಂಹಳದಿಂದ ಬಂದುದೆಂಬ ನಂಬಿಕೆ ಬಹುಕಾಲ ಉಳಿದಿತ್ತು. ಸಿಂಹಳದಲ್ಲಿ ಈ ಗಿಡ ಸ್ವಾಭಾವಿಕವಾಗಿ ಬೆಳೆಯುವುದಿಲ್ಲವೆಂದು ಈಗ ವಿದ್ವಾಂಸರ ನಿರ್ಣಯ. ಪೂರ್ವದೇಶದ ಹೆಸರು ಅಂಟಿದರೆ ವಸ್ತುವಿನ ಗೌರವ ಹೆಚ್ಚುತ್ತಿದ್ದ ಕಾಲವದು.

ಲಂಡನ್ನಿನ ತೋಟಗಾರ ಥಾಮಸ್ ಫೇರ್‌ಚೈಲ್ಡನು ೧೭೨೨ರ ತನ್ನ ಪುಸ್ತಕದಲ್ಲಿ ಹೊಗೆ ಮುಸುಕಿದ ಆ ನಗರದ ತೋಟಗಳಿಗೂ ಇದು ಯೋಗ್ಯವೆಂದು ಶಿಫಾರಸು ಮಾಡಿದನು. ಈತನ ಹೆಸರು ನಮ್ಮ ವಿಷಯದಲ್ಲಿ ಇನ್ನೊಂದು ಕಾರಣಕ್ಕೂ ಸ್ಮರಣೀಯ. ಒಂದು ಹೂವಿನ ಪರಾಗವನ್ನು ಬೇರೆ ಜಾತಿಯ ಹೂವಿಗೆ ಮುಟ್ಟಿಸಿ, ಕಾರ್ನೇಷನ್ ಮತ್ತು ಸ್ವೀಟ್ ವಿಲಿಯಂ ಗಿಡಗಳ ಸಂಕರವನ್ನು ಮೊದಲು ಉತ್ಪಾದಿಸಿದವನು ಇವನೇ. ಆ ಸಂಕರ ಗಿಡವು ಹೂವನ್ನು ಬಿಟ್ಟಿತೇ ಹೊರತು ಬೀಜವನ್ನು ಕಟ್ಟಲಿಲ್ಲ. ಹೇಸರಗತ್ತೆಯಂತೆ ಅದೂ ಬಂಜೆ. ಸೃಷ್ಟಿಕರ್ತನ ಕಾರ್ಯದಲ್ಲಿ ತಾನು ಕೈಹಾಕಿದೆನೆಂಬ ಅಳುಕು ಅವನಿಗಿತ್ತೆಂದು ಹಲವರು ಬರೆದಿದ್ದಾರೆ. ಅದು ಊಹೆ. ಆದರೆ ೧೭೨೯ರಲ್ಲಿ ತೀರಿಕೊಂಡಾಗ, ಸೃಷ್ಟಿಯಲ್ಲಿ ತೋರುವ ದೇವರ ಅದ್ಭುತ ಕಾರ್ಯಗಳನ್ನು ಕುರಿತು ವರ್ಷಕ್ಕೊಮ್ಮೆ ಉಪದೇಶ ನಡೆಯಲೆಂದು ೨೫ ಪೌಂಡುಗಳನ್ನು ಆತನು ದತ್ತಿಯಾಗಿ ಬಿಟ್ಟುದು ನಿಜ.

೧೭೯೩ರಲ್ಲಿ ಫ್ಲೀಟ್ ಬೀದಿಯ ಮೇಸನ್ ಎಂಬ ಬೀಜವ್ಯಾಪಾರಿಯ ಪಟ್ಟಿಯಲ್ಲಿ ಸ್ವೀಟ್ ಪೀಯ ಐದು ಬಗೆಗಳು ಕಾಣುತ್ತವೆ: ಕಪ್ಪು, ಊದಾ, ಕಡುಗೆಂಪು, ಬಿಳುಪು ಮತ್ತು ಪೇಂಟೆಡ್ ಲೇಡಿ. ತೊಂಬತ್ತನಾಲ್ಕು ವರ್ಷಗಳಲ್ಲಿ ಐದೇ ಬಗೆ! ಇದೇ ಅವಧಿಯಲ್ಲಿ ಟ್ಯೂಲಿಪ್, ಹಯಸಿಂತ್ ಮೊದಲಾದ ಹೂಗಳ ನೂರಾರು ತಳಿಗಳು ಮಾರಾಟವಾಗುತ್ತಿದ್ದುವು. ಈ ಮಂದಗತಿಗೆ ತೋಟಗಾರರ ಉದಾಸೀನವೇ ಕಾರಣವೆಂದು ಕೆಲವರು ಬರೆದಿದ್ದಾರೆ. ನಾವು ಈ ಮತವನ್ನು ಒಪ್ಪುವುದಿಲ್ಲ. ಕಾರಣ ಹೂವಿನ ರಚನೆಯಲ್ಲಿಯೇ ಇದೆ. ಸ್ವೀಟ್ ಪೀಯ ಕೇಸರಗಳೂ ಶಲಾಕೆಯೂ ದೋಣಿಯಾಕಾರದ ದಳಗಳೊಳಗೆ ಭದ್ರವಾಗಿ ಅಡಗಿವೆ; ಹೂವು ಅರಳುವುದಕ್ಕೆ ಮೊದಲೇ, ಮೊಗ್ಗಿನಲ್ಲಿಯೇ, ತನ್ನ ಪರಾಗ ತನಗೇ ತಗುಲಿ ಗರ್ಭಕಟ್ಟುತ್ತದೆ. ಡಾರ್ವಿನ್ನನು ೧೮೭೬ರಲ್ಲಿ ಪ್ರಕಟಿಸಿದ ಪರಕೀಯ ಹಾಗೂ ಸ್ವಕೀಯ ಗರ್ಭಾಧಾನದ ಗ್ರಂಥದಲ್ಲಿ ಈ ಗಿಡವನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಇಂಗ್ಲೆಂಡಿನಲ್ಲಿ ಬೇರೆಬೇರೆ ಬಣ್ಣದ ತಳಿಗಳನ್ನು ಅಕ್ಕಪಕ್ಕದಲ್ಲಿ ಬೆಳೆಸಿದರೂ ಅವು ಬೆರೆಯುವುದಿಲ್ಲವೆಂದೂ, ಇಟಲಿಯ ತೋಟಗಾರರು ಮಾತ್ರ ಅವು ಬೆರೆಯುತ್ತವೆಂದು ನಂಬಿ ದೂರದೂರ ಬಿತ್ತುತ್ತಾರೆಂದೂ ಅವನ ಹೇಳಿಕೆ. ಹೀಗಾಗಿ ತೋಟಗಾರನು ಎಷ್ಟು ಕಾಯಿಗಳನ್ನು ಜೋಪಾನಮಾಡಿದರೂ ತಾಯಿಯ ಪ್ರತಿಯೇ ಮತ್ತೆ ದೊರೆಯುತ್ತಿತ್ತು. ನಕಲುಗಾರನು ಒಂದಕ್ಷರವನ್ನೂ ತಪ್ಪದೆ ಇಳಿಸಿದ ಓಲೆಗರಿಯಂತೆ ಈ ಕಾಯಿ. ಮೂಲವನ್ನು ಉಳಿಸುವುದಕ್ಕೆ ಅದು ಒಳ್ಳೆಯದು, ಹೊಸ ಪಾಠವನ್ನು ಹುಡುಕುವವನಿಗೆ ನಿಷ್ಪ್ರಯೋಜಕ.

ಈ ಗುಣವೇ ಶಾಸ್ತ್ರಜ್ಞರಿಗೆ ಉಪಕಾರಿಯಾಯಿತು. ಫ್ರಾನ್ಸಿಸ್ ಗಾಲ್ಟನ್ನನು ೧೮೭೫ರಲ್ಲಿ ಅನುವಂಶೀಯತೆಯ ಪರೀಕ್ಷೆಗಾಗಿ ಸ್ವೀಟ್ ಪೀಯನ್ನೇ ಆರಿಸಿಕೊಂಡನು. ಆ ಆಯ್ಕೆಗೆ ಅವನು ಕೊಟ್ಟ ಕಾರಣಗಳಲ್ಲಿ ಒಂದು ಕೇವಲ ಕಾಯಿಗೆ ಸಂಬಂಧಿಸಿದುದು. ಬಟಾಣಿಕಾಯಿಯ ತುದಿಯಲ್ಲಿ ಯಾವಾಗಲೂ ಇರುವ ಸಣ್ಣ ಕಾಳು ಸ್ವೀಟ್ ಪೀಯ ಕಾಯಿಯಲ್ಲಿ ಇರುವುದಿಲ್ಲ. ಒಂದು ಕಾಯಿಯೊಳಗಿನ ಕಾಳುಗಳು ಸುಮಾರಾಗಿ ಸಮನಾಗಿರುತ್ತವೆ. ಗಾಲ್ಟನ್ನನು ಬೀಜಗಳನ್ನು ತೂಗಿ ಏಳು ಗಾತ್ರಗಳಾಗಿ ವಿಂಗಡಿಸಿ, ಒಂದೊಂದು ಗಾತ್ರಕ್ಕೆ ಹತ್ತರಂತೆ ಪೊಟ್ಟಣಕಟ್ಟಿ ತನ್ನ ಸ್ನೇಹಿತರಿಗೆ ಹಂಚಿದನು. ಡಾರ್ವಿನ್ನನೂ ಅವರಲ್ಲೊಬ್ಬ. ಹೇಗೆ ಬಿತ್ತಬೇಕು, ಬಲಿತ ಕಾಯಿಗಳನ್ನು ಗಾತ್ರದ ಗುರುತುಳ್ಳ ಚೀಲಗಳಲ್ಲಿ ಹೇಗೆ ಪ್ರತ್ಯೇಕವಾಗಿ ತುಂಬಬೇಕು ಎಂಬುದಕ್ಕೆ ವಿವರವಾದ ನಿಯಮಗಳನ್ನೂ ಬರೆದು ಕಳುಹಿಸಿದನು. ಕೆಲವರ ಬೆಳೆ ಕೆಟ್ಟಿತು. ಏಳು ಮಂದಿಯಿಂದ ಬಂದ ೪೯೦ ತಾಯಿಬೀಜಗಳ ಸಂತಾನವನ್ನು ಅವನು ಪರೀಕ್ಷಿಸಿದನು. ದೊಡ್ಡ ಬೀಜದ ಮಕ್ಕಳು ಸರಾಸರಿಗಿಂತ ದೊಡ್ಡವೇ ಆದರೂ ತಾಯಿಯಷ್ಟು ದೊಡ್ಡವಲ್ಲ. ಸಣ್ಣದರ ಮಕ್ಕಳು ತಾಯಿಯಷ್ಟು ಸಣ್ಣವಲ್ಲ. ತಾಯಿಯು ಸರಾಸರಿಯಿಂದ ಎಷ್ಟು ಸರಿದಿತ್ತೋ ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಮಕ್ಕಳಲ್ಲಿ ಉಳಿಯುತ್ತಿತ್ತು. ೧೮೭೭ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಅವನು ಇದನ್ನು ಸಾದರಪಡಿಸಿದನು. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಇಂದು ರಿಗ್ರೆಷನ್ ಎಂದು ಕಲಿಯುವ ಕಲ್ಪನೆಯ ತವರು ಈ ಕಾಯಿಯ ಚೀಲಗಳು. ಗಾಲ್ಟನ್ನನು ಅದರಿಂದ ಮಾನವ ಕುಲದ ಬಗೆಗೆ ಎಳೆದ ತೀರ್ಮಾನಗಳನ್ನು ನಾವು ಇಲ್ಲಿ ಚರ್ಚಿಸುವುದಿಲ್ಲ. ಅವುಗಳಲ್ಲಿ ಹಲವು ಅನರ್ಥಕ್ಕೆ ಕಾರಣವಾದುವೆಂದಷ್ಟೇ ಹೇಳಿದರೆ ಸಾಕು.

ಹೂದೋಟದ ಕಡೆಗೆ ಹಿಂದಿರುಗೋಣ. ಹೆನ್ರಿ ಎಕ್‌ಫರ್ಡ್ ೧೮೨೩ರಲ್ಲಿ ಸ್ಕಾಟ್‌ಲೆಂಡಿನಲ್ಲಿ ಹುಟ್ಟಿ, ಶ್ರೀಮಂತರ ತೋಟಗಳಲ್ಲಿ ದುಡಿದು ಮೇಲೆ ಬಂದವನು. ೧೮೭೦ರ ಸುಮಾರಿನಲ್ಲಿ ಡಾಕ್ಟರ್ ಸ್ಯಾಂಕಿ ಎಂಬವನ ತೋಟದಲ್ಲಿದ್ದಾಗ ಆತನ ದೃಷ್ಟಿ ಸ್ವೀಟ್ ಪೀಯ ಮೇಲೆ ಬಿದ್ದಿತು. (ಬೆಂಗಳೂರಿನ ಕೆರೆಗೆ ಹೆಸರು ಕೊಟ್ಟ ಸ್ಯಾಂಕಿ ಬೇರೆ, ಈತ ಬೇರೆ.) ಹೂವು ತಾನಾಗಿ ಬೆರೆಯದಿದ್ದರೆ ಕೈಯಿಂದ ಬೆರಸಬೇಕು. ಎಳೆಯ ಮೊಗ್ಗನ್ನು ಬಿಡಿಸಿ, ಪರಾಗ ಒಡೆಯುವ ಮುನ್ನವೇ ಹತ್ತು ಕೇಸರಗಳನ್ನೂ ಕಿತ್ತು, ಬೇರೊಂದು ತಳಿಯ ಪರಾಗವನ್ನು ಶಲಾಕೆಯ ತುದಿಗೆ ಮುಟ್ಟಿಸಬೇಕು. ಅದು ಕಷ್ಟದ ಕೆಲಸವೇನಲ್ಲ, ಕಷ್ಟವಿರುವುದು ಮುಂದೆ. ಹಾಗೆ ಕಟ್ಟಿದ ಒಂದು ಕಾಯಿಯ ಬೀಜಗಳನ್ನು ಬಿತ್ತಿದರೆ ಮೊದಲನೆಯ ತಲೆಯಲ್ಲಿ ಎಲ್ಲವೂ ಒಂದೇ ತೆರನಾಗಿ ಕಾಣುತ್ತವೆ. ಎರಡನೆಯ ತಲೆಯಲ್ಲಿ ಅವು ಹತ್ತು ದಾರಿ ಹಿಡಿಯುತ್ತವೆ. ಅವುಗಳಲ್ಲಿ ಬೇಕಾದ ಗಿಡವನ್ನು ಆರಿಸಿ, ಅದರ ಕಾಯಿಯನ್ನು ಬೇರೆಯಾಗಿಯೇ ಇಟ್ಟು, ಮತ್ತೆ ಬಿತ್ತಿ, ಮತ್ತೆ ಆರಿಸಿ, ತಳಿಯು ಸ್ಥಿರವಾಗುವವರೆಗೆ ವರ್ಷಗಟ್ಟಲೆ ಕಾಯಬೇಕು. ಈ ಕಾಯುವಿಕೆಯಲ್ಲಿ ಎಕ್‌ಫರ್ಡನನ್ನು ಮೀರಿಸಿದವರಿಲ್ಲ. ೧೮೮೨ರಲ್ಲಿ ಅವನ 'ಬ್ರಾಂಜ್ ಪ್ರಿನ್ಸ್' ಎಂಬ ತಳಿಗೆ ಪ್ರಥಮ ದರ್ಜೆಯ ಪ್ರಶಸ್ತಿ ಬಂದಿತು. ಎಂದರೆ ಹನ್ನೆರಡು ವರ್ಷಗಳ ಮೇಲೆ! ೧೮೮೮ರಲ್ಲಿ ಶ್ರಾಪ್‌ಷೈರಿನ ವೆಮ್ ಎಂಬ ಸಣ್ಣ ಪಟ್ಟಣಕ್ಕೆ ಹೋಗಿ ಸ್ವತಂತ್ರವಾಗಿ ಬೀಜವ್ಯಾಪಾರವನ್ನು ಆರಂಭಿಸಿ, ೧೯೦೫ರಲ್ಲಿ ಅಲ್ಲಿಯೇ ಕಾಲವಾದನು.

ಈ ಗಿಡ ಇಂಗ್ಲೆಂಡಿಗೆ ಬಂದು ಇನ್ನೂರು ವರ್ಷಗಳಾದುವೆಂದು ೧೯೦೦ರ ಜುಲೈ ತಿಂಗಳಿನಲ್ಲಿ ಲಂಡನ್ನಿನ ಸ್ಫಟಿಕ ಮಂದಿರದಲ್ಲಿ ಒಂದು ಉತ್ಸವವನ್ನು ನಡೆಸಿದರು. ಆಗ ಲೆಕ್ಕಕ್ಕೆ ಬಂದ ೨೬೪ ತಳಿಗಳಲ್ಲಿ ೧೧೫ ಎಕ್‌ಫರ್ಡನವು. ಮೇಸನ್ನನ ಐದರ ಎದುರಿಗೆ ಈ ಸಂಖ್ಯೆಯನ್ನು ಇಟ್ಟು ನೋಡಬೇಕು. ಮೆಂಡೆಲನು ೧೮೬೬ರಲ್ಲಿಯೇ ಅಚ್ಚುಹಾಕಿಸಿ ಲೋಕವು ಮರೆತಿದ್ದ ಬಟಾಣಿಯ ನಿಯಮಗಳು ಮತ್ತೆ ಬೆಳಕಿಗೆ ಬಂದುದೂ ಇದೇ ೧೯೦೦ರಲ್ಲಿ. ವೆಮ್ಮಿನ ಮುದುಕನು ಮೂವತ್ತು ವರ್ಷಗಳ ಕಾಲ ಆ ನಿಯಮಗಳನ್ನು ಹೆಸರು ತಿಳಿಯದೆಯೇ ಪಾಲಿಸಿದ್ದನು.

ಎಕ್‌ಫರ್ಡನ ಯಶಸ್ಸಿನೊಡನೆ ಉದ್ಯಾನ ಪ್ರಪಂಚದಲ್ಲಿ ಒಂದು ಒಡಕು ಸ್ಥಿರವಾಯಿತು. ಅದಕ್ಕೆ ಮುಂಚೆ ಹಳ್ಳಿಯ ಗುಡಿಸಲಿನವನೂ ಎರಡು ಕಾಯಿಗಳನ್ನು ಬೇಲಿಯಲ್ಲಿ ಒಣಗಲು ಬಿಟ್ಟರೆ ಮುಂದಿನ ವರ್ಷದ ಹೂವಿಗೆ ಸಾಕಾಗುತ್ತಿತ್ತು; ಐದು ಬಗೆಗಳಲ್ಲಿ ಯಾವುದನ್ನು ಇಟ್ಟರೂ ಅದೇ ಬರುತ್ತಿತ್ತು. ಹೊಸ ತಳಿಗಳ ಭರಾಟೆಯಲ್ಲಿ ಹೂಗಾರನಿಗೆ ಸಿಕ್ಕಿದ ಉಪದೇಶ ಒಂದೇ: ಕಾಯಿಯನ್ನು ಕಂಡಲ್ಲಿ ಕತ್ತರಿಸು. ಆ ಉಪದೇಶ ಸುಳ್ಳಲ್ಲ, ಹೂವಿನ ದೃಷ್ಟಿಯಿಂದ ಅದು ಸರಿಯಾದುದೇ. ಆದರೆ ಅದನ್ನು ಪಾಲಿಸಿದವನು ಪ್ರತಿವರ್ಷವೂ ಬೀಜದಂಗಡಿಗೆ ಹೋಗಲೇಬೇಕು. ಬೀಜವ್ಯಾಪಾರಿಗಳು ಈ ಸಲಹೆಯನ್ನು ಲಾಭದ ದುರಾಸೆಯಿಂದ ಕೊಟ್ಟರೆಂದು ಆರೋಪಿಸಲು ನಮ್ಮ ಬಳಿ ಆಧಾರವಿಲ್ಲ, ಹಾಗೆ ಹೇಳುವುದು ನ್ಯಾಯವೂ ಅಲ್ಲ. ಗಿಡದ ಸ್ವಭಾವ ಮತ್ತು ವ್ಯಾಪಾರದ ಹಿತ ಎರಡೂ ಅಕಸ್ಮಾತ್ತಾಗಿ ಒಂದೇ ದಿಕ್ಕಿಗೆ ಎಳೆದುವು ಎನ್ನುವುದು ಯುಕ್ತ. ಪರಿಣಾಮ ಮಾತ್ರ ದೂರಗಾಮಿಯಾಯಿತು. ಬೀಜವನ್ನು ಕಟ್ಟುವ ಕೆಲಸ ಇಂಗ್ಲೆಂಡಿನ ತೋಟಗಳನ್ನೇ ಬಿಟ್ಟು ಬಹುಮಟ್ಟಿಗೆ ಕ್ಯಾಲಿಫೋರ್ನಿಯಕ್ಕೆ ಹೋಯಿತು. ಅಲ್ಲಿ ಬೇಸಗೆಯಲ್ಲಿ ಮಳೆಯಿಲ್ಲ, ಕಾಯಿ ಕೊಳೆಯುವ ಭಯವಿಲ್ಲ. ಮೋರ್ಸ್ ಎಂಬವರ ಹೊಲಗಳಲ್ಲಿಯೂ, ಬರ್ಪಿ ಎಂಬವನು ೧೯೦೯ರಲ್ಲಿ ಲೊಂಪಾಕ್ ಕಣಿವೆಯಲ್ಲಿ ಸ್ಥಾಪಿಸಿದ ಕ್ಷೇತ್ರದಲ್ಲಿಯೂ ಹೂವನ್ನು ಯಾರೂ ಕೊಯ್ಯುತ್ತಿರಲಿಲ್ಲ. ಎಕರೆಗಟ್ಟಲೆ ಹೂವು ಅರಳಿ ಬಾಡಿ ಕಾಯಾಗುತ್ತಿತ್ತು.

ಕಾಯಿಯ ವಿಷಯದಲ್ಲಿ ತಾಳ್ಮೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 'ಕೌಂಟೆಸ್ ಸ್ಪೆನ್ಸರ್' ತಳಿಯ ಪ್ರಸಂಗ ಒಳ್ಳೆಯ ನಿದರ್ಶನ. ಆಲ್‌ಥಾರ್ಪಿನಲ್ಲಿ ಸ್ಪೆನ್ಸರ್ ಪ್ರಭುವಿನ ಮುಖ್ಯ ತೋಟಗಾರನಾಗಿದ್ದ ಸೈಲಸ್ ಕೋಲನು ೧೯೦೧ರಲ್ಲಿ ಇದನ್ನು ಲಂಡನ್ನಿನ ಪ್ರದರ್ಶನದಲ್ಲಿಟ್ಟಾಗ ನೋಡಿದವರು ಬೆರಗಾದರು. ದೊಡ್ಡ ಹೂವು, ಅಲೆಅಲೆಯಾಗಿ ಮಡಿಕೆಬಿದ್ದ ದಳಗಳು. ಎಲ್ಲರಿಗೂ ಬೀಜ ಬೇಕಾಯಿತು. ಬರ್ಮಿಂಗ್‌ಹ್ಯಾಮಿನ ರಾಬರ್ಟ್ ಸಿಡೆನ್‌ಹ್ಯಾಮನು ಬೀಜವನ್ನು ಕೊಂಡು, ಕ್ಯಾಲಿಫೋರ್ನಿಯದಲ್ಲಿ ಬೆಳೆಸಿ ಹೆಚ್ಚಿಸಿ, ೧೯೦೪ರಲ್ಲಿ ಮಾರಾಟಕ್ಕೆ ತಂದನು. ಹಣ ತೆತ್ತು ಬಿತ್ತಿದವರ ತೋಟಗಳಲ್ಲಿ ಒಂದೇ ಹೂವು ಬರುವುದಕ್ಕೆ ಬದಲಾಗಿ ನಾನಾ ಬಣ್ಣ, ನಾನಾ ಆಕಾರಗಳು ಬಂದುವು. ತಳಿ ಇನ್ನೂ ಸ್ಥಿರವಾಗಿರಲಿಲ್ಲ. ಅದೇ ಸಮಯದಲ್ಲಿ ಕೇಂಬ್ರಿಜ್ ಬಳಿಯ ಹಿಸ್ಟನ್ನಿನಲ್ಲಿ ಅನ್ವಿನ್ ಎಂಬವನು ತನ್ನ ತೋಟದಲ್ಲಿ ಕಂಡ ಇಂಥದೇ ಹೂವಿಗೆ 'ಗ್ಲಾಡಿಸ್ ಅನ್ವಿನ್' ಎಂದು ಮಗಳ ಹೆಸರಿಟ್ಟು, ಅದು ಸ್ಥಿರವಾದುದನ್ನು ಖಚಿತಪಡಿಸಿಕೊಂಡೇ ಮಾರಿದನು. ಅದರ ದಳಗಳಲ್ಲಿ ಅಲೆ ಸ್ವಲ್ಪ ಕಡಮೆ. ಆದರೆ ಕೊಂಡವನಿಗೆ ಮೋಸವಾಗಲಿಲ್ಲ.

ಈ ಹೂವನ್ನು ತಾನು ಸಂಕರದಿಂದ ಸೃಷ್ಟಿಸಿದೆನೆಂದು ಕೋಲನು ಹೇಳಿಕೊಂಡನು. ಆದರೆ ಎಕ್‌ಫರ್ಡನ 'ಪ್ರಿಮಾ ಡೊನಾ' ಎಂಬ ಗುಲಾಬಿ ಬಣ್ಣದ ತಳಿಯನ್ನು ಬೆಳೆಸುತ್ತಿದ್ದ ಆಲ್‌ಥಾರ್ಪ್, ಹಿಸ್ಟನ್, ಫ್ರೋಮ್ ಎಂಬ ಮೂರು ಬೇರೆಬೇರೆ ಸ್ಥಳಗಳಲ್ಲಿ ಹೆಚ್ಚುಕಡಮೆ ಏಕಕಾಲದಲ್ಲಿ ಅಲೆದಳದ ಹೂವು ತಲೆದೋರಿತೆಂಬುದು ದೃಢಪಟ್ಟ ಸಂಗತಿ. ಒಂದು ತೋಟದಲ್ಲಿ ಸಂಕರ ನಡೆದಿರಬಹುದು, ಮೂರರಲ್ಲಿಯೂ ಒಂದೇ ಸಂಕರ ನಡೆಯಿತೆನ್ನುವುದು ನಂಬತಕ್ಕ ಮಾತಲ್ಲ. ಪ್ರಿಮಾ ಡೊನಾದಲ್ಲಿಯೇ ಆದ ಒಂದು ಹಠಾತ್ ವ್ಯತ್ಯಾಸ ಅದರ ಕಾಯಿಗಳೊಡನೆ ವೆಮ್ಮಿನಿಂದ ಊರೂರಿಗೆ ಗುಪ್ತವಾಗಿ ಪ್ರಯಾಣಮಾಡಿರಬೇಕೆಂದು ಊಹಿಸುವುದೇ ಹೆಚ್ಚು ಸಮಂಜಸ. ಅಲೆದಳವು ಮೆಂಡೆಲನ ಪರಿಭಾಷೆಯಲ್ಲಿ ಗೌಣಲಕ್ಷಣ. ಒಂದು ತಲೆಮಾರು ಬೀಜದೊಳಗೆ ಅಡಗಿದ್ದು ಮುಂದಿನದರಲ್ಲಿ ಹೊರಬೀಳಬಲ್ಲುದು. ಹಾಗಾದರೆ ಈ ಸೃಷ್ಟಿಯ ಕೀರ್ತಿ ಯಾರಿಗೆ? ಕಂಡವನಿಗೋ, ಕಾಣದೆ ಬೀಜ ಕಳುಹಿಸಿದವನಿಗೋ? ಕೋಲನು ಸುಳ್ಳಾಡಿದನೆಂದು ನಾವು ಹೇಳುವುದಿಲ್ಲ. ಸಂಕರವನ್ನು ಆತನು ಮಾಡಿದ್ದಿರಬಹುದು. ಈ ಹೂವು ಅದರಿಂದಲೇ ಹುಟ್ಟಿತೆಂಬುದಕ್ಕೆ ಆತನ ಮಾತನ್ನುಳಿದು ಪ್ರಮಾಣವಿಲ್ಲ. ಮೂರು ತೋಟಗಳ ಸಾಕ್ಷ್ಯ ಅದಕ್ಕೆ ವಿರುದ್ಧವಾಗಿದೆ.

ಕೇಂಬ್ರಿಜಿನಲ್ಲಿ ಇದೇ ವರ್ಷಗಳಲ್ಲಿ ಬೇಟ್‌ಸನ್, ಪನೆಟ್ ಮತ್ತು ಕುಮಾರಿ ಸಾಂಡರ್ಸ್ ಎಂಬ ವಿದ್ವಾಂಸರು ಸ್ವೀಟ್ ಪೀಯ ಕಾಯಿಗಳನ್ನು ಬೇರೊಂದು ಉದ್ದೇಶದಿಂದ ಕೂಡಿಡುತ್ತಿದ್ದರು. ಎರಡು ಬಿಳಿ ಹೂಗಳನ್ನು ಬೆರಸಿದಾಗ ಕುಪಾನಿಯ ಸಿಸಿಲಿಯ ಹೂವನ್ನೇ ಹೋಲುವ ಊದಾ ಹೂವು ಹುಟ್ಟಿದ್ದನ್ನು ಅವರು ಕಂಡರು. ಇದಕ್ಕಿಂತ ಮುಖ್ಯವಾದುದು ಊದಾ ಮತ್ತು ಕೆಂಪು ಹೂಗಳ, ನೀಳ ಮತ್ತು ದುಂಡು ಪರಾಗಗಳ ಸಂಕರದ ಎಣಿಕೆ. ಎರಡನೆಯ ತಲೆಯ ೬,೯೫೨ ಗಿಡಗಳಲ್ಲಿ ಊದಾ ಹೂವೂ ನೀಳ ಪರಾಗವೂ ಉಳ್ಳವು ೪,೮೩೧, ಊದಾ ಹೂವು ದುಂಡು ಪರಾಗದವು ೩೯೦, ಕೆಂಪು ಹೂವು ನೀಳ ಪರಾಗದವು ೩೯೩, ಕೆಂಪು ಹೂವೂ ದುಂಡು ಪರಾಗವೂ ಉಳ್ಳವು ೧,೩೩೮. ಮೆಂಡೆಲನ ನಿಯಮದಂತೆ ಎರಡು ಲಕ್ಷಣಗಳೂ ಸ್ವತಂತ್ರವಾಗಿದ್ದರೆ ನಡುವಿನ ಎರಡು ಗುಂಪುಗಳು ಒಂದೊಂದೂ ಸುಮಾರು ೧,೩೦೩ ಇರಬೇಕಾಗಿತ್ತು. ಲಕ್ಷಣಗಳು ಜೋಡಿಗೂಡಿ ಸಾಗುತ್ತವೆಂಬುದು ಹೀಗೆ ಮೊದಲು ಕಂಡುಬಂದಿತು. ಏಕೆಂಬುದು ಅವರಿಗೆ ತಿಳಿಯಲಿಲ್ಲ. ಅಮೆರಿಕದ ಮಾರ್ಗನ್ನನು ನೊಣಗಳ ಮೇಲೆ ನಡೆಸಿದ ಸಂಶೋಧನೆಗಳಿಂದ ೧೯೧೧ರ ಸುಮಾರಿಗೆ ವರ್ಣತಂತುಗಳ ಮೂಲಕ ವಿವರಣೆ ದೊರೆಯಿತು. ಹೂವಿನ ಅಂದಕ್ಕಾಗಿ ಕಾಯಿಗಳನ್ನು ಕತ್ತರಿಸುತ್ತ ಹೋಗಿದ್ದರೆ ಈ ಎಣಿಕೆಗೆ ಒಂದು ಕಾಳೂ ಉಳಿಯುತ್ತಿರಲಿಲ್ಲವಷ್ಟೆ.

ಕಾಯಿಯ ತಿರಸ್ಕಾರ ಪರಾಕಾಷ್ಠೆಯನ್ನು ಮುಟ್ಟಿದುದು ೧೯೧೧ರಲ್ಲಿ. ಡೈಲಿ ಮೇಲ್ ಪತ್ರಿಕೆಯು ಅತ್ಯುತ್ತಮವಾದ ಒಂದು ಕಟ್ಟು ಸ್ವೀಟ್ ಪೀಗೆ ೧,೦೦೦ ಪೌಂಡುಗಳ ಬಹುಮಾನವನ್ನು ಸಾರಿತು. ಸ್ಫಟಿಕ ಮಂದಿರಕ್ಕೆ ಬಂದು ಬಿದ್ದ ಕಟ್ಟುಗಳು ೩೫,೦೦೦ಕ್ಕೂ ಮಿಕ್ಕು. ಗೆದ್ದವಳು ಸ್ಕಾಟ್‌ಲೆಂಡಿನ ಸ್ಪ್ರೌಸ್ಟನ್ ಗ್ರಾಮದ ಪಾದ್ರಿ ಡೆನ್‌ಹೋಮ್ ಫ್ರೇಸರನ ಪತ್ನಿ. ಮೂರನೆಯ ಬಹುಮಾನ ಪಾದ್ರಿಗೇ ಬಂದಿತು. ಆ ಹಣದಿಂದ ಊರಿನ ಇಗರ್ಜಿಗೆ ಹೊಸ ಭಾಗವೊಂದನ್ನು ಕಟ್ಟಿಸಿದರು. ಆ ಬೇಸಗೆಯಲ್ಲಿ ಸಾವಿರಾರು ಮನೆಗಳಲ್ಲಿ ಒಂದು ಕಾಯಿಯನ್ನೂ ಬಲಿಯಗೊಟ್ಟಿರಲಾರರು.

ಎಕ್‌ಫರ್ಡನ ೧೧೫ ತಳಿಗಳಲ್ಲಿ ಹೆಚ್ಚಿನವು ಅಲೆದಳದ ಹೂಗಳ ಮುಂದೆ ಬೇಡವಾದುವು. ಬೀಜವ್ಯಾಪಾರಿಯು ಬೆಳೆಸುವುದನ್ನು ಬಿಟ್ಟನು. ತೋಟದವನ ಮನೆಯಲ್ಲಿ ಬೀಜವಿರಲಿಲ್ಲ. ಒಂದು ವರ್ಷದ ಗಿಡಕ್ಕೆ ಇಷ್ಟೇ ಸಾಕು, ತಳಿ ಅಳಿಯುತ್ತದೆ. ಎಷ್ಟೋ ತಳಿಗಳು ಇಂದು ಪಟ್ಟಿಗಳಲ್ಲಿ ಹೆಸರಾಗಿ ಮಾತ್ರ ಉಳಿದಿವೆ. 'ಕುಪಾನಿ' ಎಂಬ ಹೆಸರಿನಲ್ಲಿ ಈಗ ಮಾರುವ ಬೀಜವನ್ನು ಕುರಿತೂ ಒಂದು ಮಾತು ಹೇಳಬೇಕು. ಅದು ೧೬೯೯ರ ಬೀಜದ ಅವಿಚ್ಛಿನ್ನ ಸಂತಾನವೆಂದು ಗ್ರಾಹಕರು ನಂಬುತ್ತಾರೆ. ಮೇಲೆ ಹೇಳಿದ ಕೇಂಬ್ರಿಜಿನ ಪ್ರಯೋಗದಲ್ಲಿ ಎರಡು ಬಿಳಿ ಹೂಗಳಿಂದಲೇ ಊದಾ ಹೂವು ಮರಳಿ ಬಂದಿತೆಂಬುದನ್ನು ನೆನೆದರೆ, ಹೋಲಿಕೆಯೊಂದರಿಂದ ವಂಶಾವಳಿಯನ್ನು ಸಾಧಿಸಲಾಗದೆಂಬುದು ಸ್ಪಷ್ಟವಾಗುತ್ತದೆ. ಶಾಸನದ ಲಿಪಿ ಹಳೆಯದಾಗಿ ಕಂಡ ಮಾತ್ರಕ್ಕೆ ಶಾಸನ ಹಳೆಯದಾಗದು. ಬೀಜಕ್ಕೂ ಅದೇ ನ್ಯಾಯ.

ಹಾಗಾದರೆ ಕಾಯಿಯನ್ನು ಏನು ಮಾಡಬೇಕೆಂದು ತೋಟವುಳ್ಳ ಓದುಗರು ಕೇಳಬಹುದು. ಹಳೆಯ ಬೀಜಗಾರರ ಪದ್ಧತಿ ಸರಳವಾದುದು. ಸಾಲಿನ ಎಲ್ಲ ಬಳ್ಳಿಗಳಲ್ಲಿಯೂ ಒಂದೊಂದು ಕಾಯಿಯನ್ನು ಬಿಡುವುದು ತಪ್ಪು, ಅದರಿಂದ ಎಲ್ಲ ಬಳ್ಳಿಗಳೂ ಬೇಗ ಮುದಿಯಾಗುತ್ತವೆ. ಆರೋಗ್ಯವಾದ, ತಳಿಗೆ ಸರಿಯಾದ ಹೂವುಳ್ಳ ಒಂದೆರಡು ಬಳ್ಳಿಗಳಿಗೆ ಮೊದಲೇ ದಾರ ಕಟ್ಟಿ ಗುರುತುಮಾಡಿ, ಅವನ್ನು ಪೂರ್ತಿಯಾಗಿ ಬೀಜಕ್ಕೆ ಬಿಟ್ಟು, ಉಳಿದವುಗಳಲ್ಲಿ ಕಾಯಿ ಕಂಡೊಡನೆ ಕತ್ತರಿಸಬೇಕು. ಮೊದಮೊದಲ ಹೂಗಳ ಕಾಯಿಗಳು ಉತ್ತಮ. ಬಲಿಯಲು ಅವಕ್ಕೆ ಕಾಲಾವಕಾಶ ಹೆಚ್ಚು. ಕಾಯಿ ಹಸುರಿನಿಂದ ಕಂದಿಗೆ ತಿರುಗಿ ಕಾಗದದಂತಾದಾಗ, ಸಿಡಿಯುವುದಕ್ಕೆ ಮುನ್ನ, ಇಬ್ಬನಿ ಆರಿದ ಮೇಲೆ ಕೊಯ್ದು, ಕಾಗದದ ಚೀಲದಲ್ಲಿ ಬಾಯಿಕಟ್ಟಿ ನೆರಳಿನಲ್ಲಿಡಬೇಕು. ತೆರೆದ ತಟ್ಟೆಯಲ್ಲಿಟ್ಟರೆ ಮರುದಿನ ಬೀಜಗಳನ್ನು ಕೋಣೆಯ ಮೂಲೆಮೂಲೆಗಳಲ್ಲಿ ಹುಡುಕಬೇಕಾದೀತು. ತಳಿಯ ಹೆಸರನ್ನೂ ವರ್ಷವನ್ನೂ ಚೀಲದ ಮೇಲೆ ಬರೆಯುವುದು ಅವಶ್ಯ. ಹೆಸರಿಲ್ಲದ ಬೀಜವು ಕಾಲನಿರ್ದೇಶವಿಲ್ಲದ ಓಲೆಯಷ್ಟೇ ಉಪಯುಕ್ತ. ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಈ ಚರಿತ್ರೆಯ ಈಚಿನ ಘಟ್ಟದಲ್ಲಿ ಕಾಯಿಯು ಮತ್ತೊಂದು ಬಗೆಯ ತೊಡಕಾಗಿ ಪರಿಣಮಿಸಿತು. ಮುನ್ನೂರು ವರ್ಷಗಳಲ್ಲಿ ಸ್ವೀಟ್ ಪೀಗೆ ಎಲ್ಲ ಬಣ್ಣಗಳೂ ಬಂದರೂ ಅಚ್ಚ ಹಳದಿ ಬಂದಿರಲಿಲ್ಲ. ೧೯೮೭ರಲ್ಲಿ ದಕ್ಷಿಣ ತುರ್ಕಿಯ ಬೆಲಿನ್ ಎಂಬ ಹಳ್ಳಿಯ ಬಳಿ ಹಳದಿ ಕೆಂಪು ಬೆರೆತ, ಸುವಾಸನೆಯುಳ್ಳ ಹೂವಿನ ಒಂದು ಹೊಸ ಜಾತಿ ದೊರೆಯಿತು. ಮರುವರ್ಷ ಅದಕ್ಕೆ ಲ್ಯಾಥಿರಸ್ ಬೆಲಿನೆನ್ಸಿಸ್ ಎಂದು ನಾಮಕರಣವಾಯಿತು. ಅದನ್ನು ಸ್ವೀಟ್ ಪೀಯೊಡನೆ ಬೆರಸಲು ನ್ಯೂಜಿಲೆಂಡಿನ ಕೀತ್ ಹ್ಯಾಮೆಟ್ ಮೊದಲಾದವರು ಪ್ರಯತ್ನಿಸಿದರು. ಪರಾಗ ಹಿಡಿಯುತ್ತಿತ್ತು, ಕಾಯಿಯೂ ಮೂಡುತ್ತಿತ್ತು, ಆದರೆ ಬಲಿಯುವುದಕ್ಕೆ ಮುನ್ನವೇ ಒಳಗಿನ ಬೀಜ ಸಾಯುತ್ತಿತ್ತು. ಕೊನೆಗೆ ಹಸುರುಕಾಯಿಯನ್ನು ಬಳ್ಳಿಯಿಂದ ಕಿತ್ತು ಸೀಳಿ, ಒಳಗಿನ ಎಳೆಯ ಭ್ರೂಣವನ್ನು ಹೊರತೆಗೆದು ಪ್ರಯೋಗಶಾಲೆಯ ಪೋಷಕ ದ್ರವ್ಯದಲ್ಲಿ ಬೆಳೆಸಿ ಗಿಡಮಾಡಿದರು. ಆ ಸಂಕರದ ವರದಿ ೧೯೯೪ರಲ್ಲಿ ಪ್ರಕಟವಾಯಿತು. ಹುಡುಕಿದ್ದು ಹಳದಿಯನ್ನು, ಅದರ ಸಂತತಿಯಲ್ಲಿ ಮೊದಲು ಕಂಡುದು ದಿನ ಕಳೆದಂತೆ ನೇರಿಳೆಯಿಂದ ಹಸುರುನೀಲಿಗೆ ತಿರುಗುವ ಹೂಗಳು.